ಎಷ್ಟು ಪ್ರೀತಿ ಎಂದು ಕೇಳಿದ ಅಪ್ಪ

ಲಿಯರ್ ಮಹಾರಾಜನ ಕತೆಯನ್ನು ಯಾರಿಗೇ ಹೇಳಿ, ಮುಗಿಯುವುದರೊಳಗೆ ತೀರ್ಪು ಬಂದುಬಿಡುತ್ತದೆ. ಕೇಳುವವರು ವಯಸ್ಸಾದವರಾದರೆ, ಬದುಕಿರುವಾಗಲೇ ಎಲ್ಲವನ್ನೂ ಮಕ್ಕಳ ಹೆಸರಿಗೆ ಬರೆದುಕೊಟ್ಟರೆ ಇನ್ನೇನಾಗುತ್ತೆ ಹೇಳಿ, ಎನ್ನುತ್ತಾರೆ. ಸಣ್ಣ ವಯಸ್ಸಿನವರಾದರೆ, ಆ ಅಪ್ಪನೂ ಸರಿಯಿರಲಿಲ್ಲ ಬಿಡಿ, ಹೊಗಳಿಸಿಕೊಳ್ಳುವ ಚಟ, ಎನ್ನುತ್ತಾರೆ. ಎರಡೂ ನಿಜ. ಎರಡೂ ನಾಟಕದೊಳಗೇ ಇವೆ. ಮೊದಲನೆಯದನ್ನು ವಿದೂಷಕ ಹಾಡಿ, ಚುಚ್ಚಿ, ಒಗಟು ಕಟ್ಟಿ ದೊರೆಯ ಮುಖಕ್ಕೇ ಹೇಳುತ್ತಾನೆ. ಎರಡನೆಯದನ್ನು ಹಿರಿಯ ಹೆಣ್ಣುಮಕ್ಕಳಿಬ್ಬರೂ ಮೊದಲ ದೃಶ್ಯ ಮುಗಿಯುವ ಹೊತ್ತಿಗೇ ಮಾತಾಡಿಕೊಳ್ಳುತ್ತಾರೆ: ಅಪ್ಪನಿಗೆ ಯಾವತ್ತೂ ತಂಗಿಯ ಮೇಲೇ ಹೆಚ್ಚು ಪ್ರೀತಿ, ಅವಳನ್ನೇ ಹೊರಗೆ ಹಾಕಿದನಲ್ಲ, ತನ್ನ ಮನಸ್ಸು ಏನೆಂದು ಅವನಿಗೆ ಎಂದೂ ಸರಿಯಾಗಿ ಗೊತ್ತಿರಲಿಲ್ಲ. ನಾವು ಬಹಳ ಯೋಚಿಸಿ ಕಂಡುಕೊಂಡೆವು ಅಂದುಕೊಳ್ಳುವ ವಿವೇಕವನ್ನೆಲ್ಲ ಷೇಕ್ಸ್‌ಪಿಯರ್ ಮೊದಲ ಅಂಕದಲ್ಲೇ ಹೇಳಿ ಮುಗಿಸಿದ್ದಾನೆ. ಆಮೇಲೆ ಇನ್ನೂ ನಾಲ್ಕು ಅಂಕ ಉಳಿದಿವೆ. ಆ ನಾಲ್ಕು ಅಂಕ ಯಾತಕ್ಕೆ ಬೇಕಾದವು ಎನ್ನುವುದರ ಸುತ್ತ ನನ್ನ ಈ ಹರಟೆ.

ಮೊದಲ ದೃಶ್ಯವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಎಂಬತ್ತು ದಾಟಿದ ದೊರೆ. ಗಂಡುಮಕ್ಕಳಿಲ್ಲ. ರಾಜ್ಯಭಾರ ಇಳಿಸಿಬಿಡಬೇಕೆಂದು ನಕ್ಷೆ ತರಿಸಿದ್ದಾನೆ. ಮೂವರು ಹೆಣ್ಣುಮಕ್ಕಳನ್ನೂ ತುಂಬಿದ ಸಭೆಯಲ್ಲಿ ನಿಲ್ಲಿಸಿಕೊಂಡು, ನನ್ನ ಮೇಲೆ ಯಾರಿಗೆ ಹೆಚ್ಚು ಪ್ರೀತಿ ಹೇಳಿ, ಅವರಿಗೆ ಹೆಚ್ಚಿನ ಪಾಲು, ಎನ್ನುತ್ತಾನೆ. ಇದನ್ನು ಎಲ್ಲರೂ ಪರೀಕ್ಷೆ ಎಂದೇ ಕರೆಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ದೊರೆ ಒಳಗೆ ಬರುವ ಮುಂಚೆಯೇ ಆಸ್ಥಾನದ ಹಿರಿಯರಾದ ಕೆಂಟ್ ಮತ್ತು ಗ್ಲಾಸ್ಟರ್, ರಾಜ್ಯ ಪಾಲಾಗಿರುವುದನ್ನೂ ಇಬ್ಬರು ಅಳಿಯಂದಿರ ಪಾಲು ತೂಗಿ ನೋಡಿದರೂ ಸಮನಾಗಿರುವುದನ್ನೂ ಮಾತಾಡಿಕೊಂಡಾಗಿದೆ. ಹಿರಿಯ ಮಗಳು ಗಾನರಿಲ್ ಮಾತು ಮುಗಿಸಿದ ಕೂಡಲೇ ಅವಳ ಪಾಲಿನ ಕಾಡು, ಹೊಳೆ, ಹುಲ್ಲುಗಾವಲು ಅವಳಿಗಾಯಿತು. ಉಳಿದಿಬ್ಬರು ಏನು ಹೇಳುತ್ತಾರೋ ಕೇಳೋಣ ಎಂದು ಲಿಯರ್ ಕಾಯುವುದೇ ಇಲ್ಲ. ಎರಡನೆಯವಳಾದ ರೀಗನ್‌ಗೂ ಹಾಗೆಯೇ. ಕೊನೆಗೆ ಉಳಿದದ್ದು ಕಿರಿಯವಳದೇ ಪಾಲು, ಎಲ್ಲಕ್ಕಿಂತ ಫಲವತ್ತಾದ ಪಾಲು. ಕೊಡುಕೊಳ್ಳುವ ಮಾತೆಲ್ಲ ಮುಗಿದ ಮೇಲೆ ನಾಲ್ಕು ಜನರೆದುರು ನಡೆಯುವ ನಿಶ್ಚಿತಾರ್ಥದ ಹಾಗೆ ಇದು. ಉತ್ತರ ಏನಿದ್ದರೂ ಪಾಲು ಬದಲಾಗುತ್ತಿರಲಿಲ್ಲ. ಒಂದು ಉತ್ತರ ಬಿಟ್ಟು.

ಇದರಿಂದ ಲಿಯರ್ ಇನ್ನಷ್ಟು ಮೂರ್ಖನಾಗಿ ಕಾಣುತ್ತಾನೆ ಎನ್ನುವವರಿದ್ದಾರೆ. ನನಗೆ ಅವನ ಮೇಲೆ ಕನಿಕರ ಹೆಚ್ಚುತ್ತದೆ. ಕೊಡುವ ದಿನ ಕೊಡುವವನಿಗೆ ಒಂದು ಭಯವಿರುತ್ತದೆ. ನಾಳೆಯಿಂದ ನನ್ನ ಮಾತು ನಡೆಯುತ್ತದೆಯೇ, ಇವರು ನನ್ನನ್ನು ನೋಡುವ ಕಣ್ಣು ಹೀಗೆಯೇ ಇರುತ್ತದೆಯೇ ಎನ್ನುವ ಭಯ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ದೊರೆಗೆ ಸಾಧ್ಯವಿಲ್ಲ, ಅಪ್ಪನಿಗೂ ಕಷ್ಟ. ಅದಕ್ಕೇ ಅವನು ಪ್ರಶ್ನೆಯನ್ನು ತಿರುಗಿಸಿ, ನನ್ನ ಮೇಲೆ ನಿಮಗೆ ಎಷ್ಟು ಪ್ರೀತಿ ಎಂದು ಕೇಳುತ್ತಾನೆ. ತಪ್ಪಿರುವುದು ಆ ‘ಎಷ್ಟು’ ಎನ್ನುವುದರಲ್ಲಿ. ಪ್ರೀತಿಗೂ ಎಕರೆಗೂ ಒಂದೇ ಅಳತೆಗೋಲು ಹಿಡಿದ ಮೇಲೆ ಆ ಮನೆಯಲ್ಲಿ ಇನ್ನಾವ ಅಳತೆಯೂ ಉಳಿಯುವುದಿಲ್ಲ.

ಆ ಕಿರಿಯವಳು, ಕಾರ್ಡೀಲಿಯ, ಏನೂ ಇಲ್ಲ ಎಂದಳು. ಇದನ್ನು ಎಲ್ಲರೂ ನೆನಪಿಟ್ಟಿರುತ್ತಾರೆ. ಆಮೇಲೆ ಅವಳು ಆಡಿದ ಮಾತನ್ನು ಅಷ್ಟಾಗಿ ನೆನಪಿಟ್ಟಿರುವುದಿಲ್ಲ. ಮಗಳಾಗಿ ಎಷ್ಟು ಸಲ್ಲಬೇಕೋ ಅಷ್ಟು ಪ್ರೀತಿಸುತ್ತೇನೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಾಳೆ ಮದುವೆಯಾದರೆ ಅರ್ಧ ಪ್ರೀತಿ ಗಂಡನ ಪಾಲಿಗೆ ಹೋಗುತ್ತದೆ. ಅಕ್ಕಂದಿರು ಎಲ್ಲ ಪ್ರೀತಿಯನ್ನೂ ನಿಮಗೇ ಕೊಡುತ್ತೇವೆ ಎನ್ನುತ್ತಾರಲ್ಲ, ಹಾಗಾದರೆ ಅವರಿಗೆ ಗಂಡಂದಿರು ಏಕೆ? ಮಾತು ನ್ಯಾಯವಾಗಿದೆ, ಒಂದಕ್ಷರ ಸುಳ್ಳಿಲ್ಲ. ಆದರೆ ಗಮನಿಸಿ, ಇದೂ ಲೆಕ್ಕವೇ. ಅಪ್ಪ ಹಿಡಿದ ಅಳತೆಗೋಲನ್ನು ಅವಳು ಕಿತ್ತೆಸೆಯಲಿಲ್ಲ, ಅದೇ ಗೋಲಿನಿಂದ ಅಳೆದು ಸರಿಯಾದ ಅಂಕಿ ಹೇಳಿದಳು. ಮೂವರು ಮಕ್ಕಳಲ್ಲಿ ಅಪ್ಪನ ಹಟವೂ ಅಪ್ಪನ ಅಹಂಕಾರವೂ ಅತಿ ಹೆಚ್ಚು ಬಂದಿರುವುದು ಈ ಕಿರಿಯವಳಿಗೇ ಎಂದು ನನ್ನ ನಂಬಿಕೆ. ಅವಳನ್ನು ಬರಿಯ ಸಾಧ್ವಿಯಾಗಿ ಮಾಡಿ ಆಡಿಸಿದ ಪ್ರಯೋಗಗಳು ಸಪ್ಪೆಯಾಗುವುದು ಇದರಿಂದಲೇ.

ಈ ಕತೆ ಷೇಕ್ಸ್‌ಪಿಯರನ ಸ್ವಂತದ್ದೇನೂ ಅಲ್ಲ. 12ನೆಯ ಶತಮಾನದಲ್ಲಿ ಮಾನ್‌ಮೌತ್‌ನ ಜೆಫ್ರಿ ಬರೆದ ಬ್ರಿಟನ್ ರಾಜರ ಇತಿಹಾಸದಲ್ಲಿ ಇದೆ, ಹಾಲಿನ್‌ಶೆಡ್‌ನ ವೃತ್ತಾಂತದಲ್ಲಿ ಇದೆ. ‘ಕಿಂಗ್ ಲೀರ್’ ಎಂಬ ಹಳೆಯ ನಾಟಕವೊಂದು 1605ರಲ್ಲಿ ಅಚ್ಚಾಗಿತ್ತು, ಬರೆದವರ ಹೆಸರಿಲ್ಲದೆ. ಆ ಹಳೆಯ ನಾಟಕದಲ್ಲಿ ಅಪ್ಪನ ಪ್ರಶ್ನೆಗೆ ಒಂದು ಕಾರಣವಿದೆ. ಪ್ರೀತಿಸಿದವನನ್ನೇ ಮದುವೆಯಾಗುತ್ತೇನೆಂದು ಕೂತಿರುವ ಕಿರಿಮಗಳಿಂದ ಪ್ರೀತಿಯ ಮಾತಾಡಿಸಿ, ಹಾಗಿದ್ದರೆ ನಾನು ತೋರಿಸಿದ ವರನನ್ನು ಒಪ್ಪಿಕೋ ಎಂದು ಕಟ್ಟಿಹಾಕುವ ಉಪಾಯ ಅದು. ಷೇಕ್ಸ್‌ಪಿಯರ್ ಆ ಕಾರಣವನ್ನು ತೆಗೆದುಹಾಕಿದ. ಟಾಲ್‌ಸ್ಟಾಯ್‌ಗೆ ಇದು ಸರಿಬರಲಿಲ್ಲ. ಷೇಕ್ಸ್‌ಪಿಯರನ ಮೇಲೆ ಅವನು ಬರೆದ ಕಟುವಾದ ಪ್ರಬಂಧ 1906ರಲ್ಲಿ ಹೊರಬಂತು. ಅದರಲ್ಲಿ ಹಳೆಯ ನಾಟಕವೇ ಎಷ್ಟೋ ಮೇಲು ಎಂದ. ಕಾರಣವಿಲ್ಲದೆ ಮನುಷ್ಯ ಹೀಗೆ ನಡೆದುಕೊಳ್ಳುವುದಿಲ್ಲ ಎನ್ನುವುದು ಅವನ ವಾದ. ಅದೇ ಟಾಲ್‌ಸ್ಟಾಯ್ ನಾಲ್ಕು ವರ್ಷಗಳ ನಂತರ, 82ನೆಯ ವಯಸ್ಸಿನಲ್ಲಿ, ಚಳಿಗಾಲ ಶುರುವಾಗುವ ಹೊತ್ತಿಗೆ ರಾತ್ರಿ ಮನೆ ಬಿಟ್ಟು ಹೊರಟ. ಆಸ್ತಿಯನ್ನೂ ಬರಹದ ಹಕ್ಕನ್ನೂ ಬಿಟ್ಟುಕೊಟ್ಟಿದ್ದರ ಜಗಳ ಮನೆಯಲ್ಲಿ ಆರಿರಲಿಲ್ಲ. ಜೊತೆಗೆ ನಿಂತವಳು ಕಿರಿಯ ಮಗಳು ಸಾಶಾ. ಅಸ್ತಾಪೊವೊ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಅವನ ಪ್ರಾಣ ಹೋಯಿತು. ಲಿಯರನಿಗೂ ಟಾಲ್‌ಸ್ಟಾಯ್‌ಗೂ ಇರುವ ಈ ಹೋಲಿಕೆಯನ್ನು ಜಾರ್ಜ್ ಆರ್ವೆಲ್ 1947ರಲ್ಲಿ ಎತ್ತಿ ತೋರಿಸಿದ. ನನಗೆ ಇದರಲ್ಲಿ ಟಾಲ್‌ಸ್ಟಾಯ್‌ನನ್ನು ಹಂಗಿಸುವಂಥದ್ದೇನೂ ಕಾಣುವುದಿಲ್ಲ. ಅಷ್ಟು ದೊಡ್ಡ ಮನಸ್ಸಿನವನಿಗೂ ತನ್ನ ಮನೆಯೊಳಗೆ ಕಾರಣ ಹುಡುಕುವುದು ಆಗಲಿಲ್ಲ, ಅಷ್ಟೆ.

ನಾಟಕ ಬರೆಯುವ ಎರಡು ಮೂರು ವರ್ಷ ಹಿಂದೆ, 1603ರಲ್ಲಿ, ಇಂಗ್ಲೆಂಡಿನಲ್ಲೇ ಒಂದು ನಿಜ ಪ್ರಕರಣ ನಡೆದಿತ್ತು. ಎಲಿಜಬೆತ್ ರಾಣಿಯ ಸೇವೆಯಲ್ಲಿದ್ದ ಬ್ರಯನ್ ಆನ್ಸ್ಲಿ ಎಂಬ ವೃದ್ಧನಿಗೆ ಮೂವರು ಹೆಣ್ಣುಮಕ್ಕಳು. ಅಪ್ಪನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಆಸ್ತಿಯ ಉಸ್ತುವಾರಿ ನಮಗೆ ಬರಲಿ ಎಂದು ಹಿರಿಯ ಮಗಳ ಕಡೆಯವರು ಹೊರಟರು. ಕಿರಿಯವಳು ಮಂತ್ರಿ ರಾಬರ್ಟ್ ಸೆಸಿಲ್‌ಗೆ ಪತ್ರ ಬರೆದು, ಇಷ್ಟು ಕಾಲ ರಾಣಿಯ ಸೇವೆ ಮಾಡಿದ ಮನುಷ್ಯನ ಹೆಸರನ್ನು ಕೊನೆಗಾಲದಲ್ಲಿ ಹುಚ್ಚರ ಪಟ್ಟಿಗೆ ಸೇರಿಸಬೇಡಿ ಎಂದು ಬೇಡಿಕೊಂಡಳು. ಅವಳ ಹೆಸರು ಕಾರ್ಡೆಲ್. ಕತೆಯ ಹುಡುಗಿಯ ಹೆಸರು ಹಳೆಯ ಪುಸ್ತಕಗಳಲ್ಲೇ ಇತ್ತು, ಅದನ್ನು ಇವಳಿಂದ ತೆಗೆದುಕೊಳ್ಳಬೇಕಾಗಿರಲಿಲ್ಲ. ಆದರೂ ಲಂಡನ್ನಿನ ಪ್ರೇಕ್ಷಕರಲ್ಲಿ ಕೆಲವರಿಗಾದರೂ ಈ ಮನೆಯ ಸುದ್ದಿ ನೆನಪಾಗಿರಬಹುದು ಎಂದು ಊಹಿಸುವ ವಿದ್ವಾಂಸರಿದ್ದಾರೆ.

ಆಸ್ತಿಯ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ನಮ್ಮಲ್ಲಿ 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ರಕ್ಷಣೆಗೆ ಕಾಯ್ದೆ ಬಂತು. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದೆ ಹೋದರೆ, ಅದರ 23ನೆಯ ಕಲಮಿನ ಪ್ರಕಾರ ದಾನಪತ್ರವನ್ನು ರದ್ದು ಮಾಡಿಸಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಇಂಥ ಅರ್ಜಿಗಳು ಬರುತ್ತವೆ. ಲಿಯರ್ ಷರತ್ತನ್ನು ತುಂಬಿದ ಸಭೆಯಲ್ಲೇ ಹೇಳಿದ್ದ. ರಾಜನೆಂಬ ಹೆಸರು ತನಗಿರಬೇಕು, ನೂರು ಜನ ಸರದಾರರನ್ನು ಮಕ್ಕಳು ತಮ್ಮ ಖರ್ಚಿನಲ್ಲಿ ಸಾಕಬೇಕು, ತಾನು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತಿಂಗಳು ಇರುತ್ತೇನೆ. ಸಾಕ್ಷಿಗಳೂ ಇದ್ದಾರೆ. ಇಂಥ ಕಾಯ್ದೆ ಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಬೀದಿಗೆ ಬಿದ್ದ ಮುದುಕರಿಗೆ ಊಟವೂ ಸೂರೂ ಸಿಗಲೇಬೇಕು. ಆದರೆ ಲಿಯರನಿಗೆ ಅರ್ಧರಾಜ್ಯ ಹಿಂದಿರುಗಿಸಿದ್ದರೂ ಅವನ ಬಿರುಗಾಳಿ ನಿಲ್ಲುತ್ತಿರಲಿಲ್ಲ.

ಈಗ ಆ ನೂರು ಸರದಾರರ ವಿಷಯ. ಒಂದು ತಿಂಗಳೂ ತುಂಬಿಲ್ಲ, ಗಾನರಿಲ್‌ಗೆ ಸಾಕಾಗಿದೆ. ಅಪ್ಪನ ಜನ ಕುಡಿದು ಗಲಾಟೆ ಮಾಡುತ್ತಾರೆ, ಮನೆ ಛತ್ರವಾಗಿದೆ ಎಂದು ಅವಳ ದೂರು. ಅದು ನಿಜವೋ ಸುಳ್ಳೋ ನಾಟಕ ಬಿಡಿಸಿ ಹೇಳುವುದಿಲ್ಲ. ನಮ್ಮೆದುರು ಮಾತಾಡುವ ಒಬ್ಬ ಸರದಾರ ಮಾತ್ರ ಬಹಳ ಮರ್ಯಾದಸ್ಥ. 1962ರಲ್ಲಿ ಪೀಟರ್ ಬ್ರೂಕ್, ಪಾಲ್ ಸ್ಕೋಫೀಲ್ಡ್‌ನನ್ನು ಲಿಯರ್ ಮಾಡಿ ಆಡಿಸಿದಾಗ ಸರದಾರರಿಂದ ರಂಗದ ಮೇಲೆ ಮೇಜು ಕುರ್ಚಿ ಬುಡಮೇಲು ಮಾಡಿಸಿದ. ಗಾನರಿಲ್‌ಳ ಮಾತಿನಲ್ಲಿ ಹುರುಳಿದೆ ಎಂದು ಪ್ರೇಕ್ಷಕರು ಕಣ್ಣಾರೆ ಕಂಡರು. ಅದು ಒಳ್ಳೆಯ ಯೋಚನೆ. ಕೃತಘ್ನರಾದ ಮಕ್ಕಳು ಹಲ್ಲು ಮಸೆಯುತ್ತಾ ಬರುವುದಿಲ್ಲ. ಅವರಿಗೆ ಸಂಸಾರವಿದೆ, ಆಳುಕಾಳುಗಳ ತೊಂದರೆಯಿದೆ, ಖರ್ಚಿನ ಪಟ್ಟಿಯಿದೆ. ಗಾನರಿಲ್ ಮತ್ತು ರೀಗನ್ ಆಡುವ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ತೆಗೆದು ನೋಡಿ, ತಕರಾರು ಮಾಡಲು ಬರುವುದಿಲ್ಲ. ನಿಮಗೆ ವಯಸ್ಸಾಯಿತು ಅಪ್ಪಾ, ಒಂದು ಮನೆಯಲ್ಲಿ ಎರಡು ಯಜಮಾನಿಕೆ ನಡೆಯುವುದು ಹೇಗೆ, ನಮ್ಮ ಆಳುಗಳೇ ನಿಮ್ಮ ಸೇವೆ ಮಾಡುತ್ತಾರಲ್ಲ. ಎಲ್ಲವೂ ಸರಿ. ಎಲ್ಲ ಸೇರಿದಾಗ ಒಬ್ಬ ಮುದುಕ ಮಳೆಯಲ್ಲಿ ನಿಂತಿರುತ್ತಾನೆ.

ಆ ಲೆಕ್ಕದ ದೃಶ್ಯವನ್ನು ಓದುವಾಗ ನನಗೆ ಪ್ರತಿ ಸಲವೂ ಮೈ ಬಿಸಿಯಾಗುತ್ತದೆ. ಗಾನರಿಲ್ ನೂರನ್ನು ಐವತ್ತು ಮಾಡಿದ್ದಾಳೆ. ಸಿಟ್ಟಾಗಿ ರೀಗನ್ ಬಳಿ ಬಂದರೆ ಅವಳು, ನಾನು ಇಪ್ಪತ್ತೈದಕ್ಕಿಂತ ಹೆಚ್ಚು ಒಪ್ಪುವುದಿಲ್ಲ ಎನ್ನುತ್ತಾಳೆ. ಆಗ ಲಿಯರ್ ಏನು ಮಾಡುತ್ತಾನೆ? ಗಾನರಿಲ್ ಕಡೆ ತಿರುಗಿ, ನಡಿ, ನಿನ್ನ ಜೊತೆಗೇ ಬರುತ್ತೇನೆ, ನಿನ್ನ ಐವತ್ತು ಇವಳ ಇಪ್ಪತ್ತೈದರ ಎರಡರಷ್ಟು, ಹಾಗಾದರೆ ನಿನ್ನ ಪ್ರೀತಿಯೂ ಇವಳದಕ್ಕಿಂತ ಎರಡರಷ್ಟು ಎನ್ನುತ್ತಾನೆ. ಸ್ವಲ್ಪ ಹೊತ್ತಿನ ಮುಂಚೆ ಅವಳ ಬಸಿರು ಬರಡಾಗಲಿ ಎಂದು ಶಪಿಸಿ ಬಂದವನು! ಆಮೇಲೆ ಅಕ್ಕತಂಗಿಯರು ಒಬ್ಬರ ಮೇಲೊಬ್ಬರು ಇಳಿಸುತ್ತಾ ಹೋಗುತ್ತಾರೆ. ಇಪ್ಪತ್ತೈದಾದರೂ ಏಕೆ, ಹತ್ತು ಏಕೆ, ಐದು ಏಕೆ, ಕೊನೆಗೆ ಒಬ್ಬನಾದರೂ ಏಕೆ ಬೇಕು? ಈ ಇಳಿಲೆಕ್ಕವನ್ನು ಅವರಿಗೆ ಕಲಿಸಿದವನು ಅಪ್ಪನೇ. ನಕ್ಷೆಯ ಮುಂದೆ ನಿಂತು, ಇಷ್ಟು ಪ್ರೀತಿಗೆ ಇಷ್ಟು ನೆಲ ಎಂದಿದ್ದನಲ್ಲ. ಕೊನೆಗೆ ಲಿಯರ್, ಬೇಕು ಬೇಡದ ಲೆಕ್ಕ ಹಾಕಬೇಡಿ, ಕಡುಬಡವನ ಹತ್ತಿರವೂ ಅವನ ತೀರಾ ಅಗತ್ಯಕ್ಕಿಂತ ಚೂರಾದರೂ ಹೆಚ್ಚಿಗೆ ಇರುತ್ತದೆ ಎಂದು ಕೂಗುತ್ತಾನೆ. ಲೆಕ್ಕದ ಆಚೆಗೆ ಏನೋ ಇದೆ ಎಂದು ಅವನಿಗೆ ಹೊಳೆಯುವುದು ಅಲ್ಲೇ. ಹೊಳೆದದ್ದನ್ನು ಮಾತಿನಲ್ಲಿ ಪೂರ್ತಿ ಮಾಡಲಾಗದೆ ಬಿರುಗಾಳಿಗೆ ಹೊರಡುತ್ತಾನೆ. ಬಾಗಿಲು ಹಾಕಿಸುವ ಮುಂಚೆ ರೀಗನ್ ಒಂದು ಮಾತು ಹೇಳುತ್ತಾಳೆ: ಹಟಮಾರಿಗಳಿಗೆ ಅವರೇ ತಂದುಕೊಂಡ ಕಷ್ಟವೇ ಮೇಷ್ಟರು. ಅಪ್ಪನೂ ಸರಿಯಿರಲಿಲ್ಲ ಬಿಡಿ ಎಂಬ ತೀರ್ಪು ಇದೇ ಅಲ್ಲವೇ? ತೀರ್ಪು ತಪ್ಪೇನಲ್ಲ. ಆದರೆ ಅದನ್ನು ಯಾರು, ಯಾವ ಹೊತ್ತಿನಲ್ಲಿ, ಯಾವ ಬಾಗಿಲಿಗೆ ಅಗಳಿ ಹಾಕಿಸುತ್ತಾ ಹೇಳುತ್ತಿದ್ದಾರೆ ಎನ್ನುವುದನ್ನು ನೋಡಬೇಕು.

ಪಕ್ಕದಲ್ಲೇ ಇನ್ನೊಂದು ಮನೆಯ ಕತೆ ನಡೆಯುತ್ತದೆ, ಗ್ಲಾಸ್ಟರನದು. ಇದನ್ನು ಷೇಕ್ಸ್‌ಪಿಯರ್ ಸಿಡ್ನಿಯ ‘ಆರ್ಕೇಡಿಯ’ದಿಂದ ತಂದು ಸೇರಿಸಿದ್ದು. ನಾಟಕ ಶುರುವಾದ ಕೆಲವೇ ಸಾಲುಗಳಲ್ಲಿ ಗ್ಲಾಸ್ಟರ್ ತನ್ನ ಅನೌರಸ ಮಗ ಎಡ್ಮಂಡನನ್ನು ಕೆಂಟ್‌ಗೆ ಪರಿಚಯಿಸುತ್ತಾನೆ. ಹೇಗೆ? ಇವನ ತಾಯಿಯ ಸಂಗ ಎಷ್ಟು ಸೊಗಸಾಗಿತ್ತೆಂದು ನಗುತ್ತಾ. ಮಗ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ. ಒಂಬತ್ತು ವರ್ಷ ಹೊರಗಿದ್ದ, ಮತ್ತೆ ಹೊರಗೇ ಹೋಗುತ್ತಾನೆ ಎಂದೂ ಅಪ್ಪ ಸೇರಿಸುತ್ತಾನೆ. ಲಿಯರನ ಸಭೆಗಿಂತ ಮುಂಚೆ ಬರುವ ಈ ಚಿಕ್ಕ ಮಾತುಕತೆಯನ್ನು ಓದುಗರು ಬೇಗ ದಾಟಿ ಹೋಗುತ್ತಾರೆ. ಎಡ್ಮಂಡ್ ಮುಂದೆ ಮಾಡುವುದೆಲ್ಲ ಘೋರ, ಅದಕ್ಕೆ ಈ ಅವಮಾನ ಕ್ಷಮಾಪಣೆಯಾಗುವುದಿಲ್ಲ. ಆದರೆ ಆ ಅಪ್ಪ ಎಂಥವನೆಂದು ಅಲ್ಲೇ ಗೊತ್ತಾಗುತ್ತದೆ. ಕೆಟ್ಟವನಲ್ಲ, ಇಬ್ಬರು ಮಕ್ಕಳೂ ಸಮ ಎನ್ನುವವನು. ಆದರೆ ಪಕ್ಕದಲ್ಲಿ ನಿಂತ ಮಗನ ಮುಖವನ್ನೊಮ್ಮೆ ತಿರುಗಿ ನೋಡಬೇಕೆಂದು ಅವನಿಗೆ ತೋಚುವುದಿಲ್ಲ.

ಅಂಥವನನ್ನು ಒಂದು ಕಾಗದ ಸಾಕು ಬೀಳಿಸಲು. ಎಡ್ಮಂಡ್ ಅಣ್ಣ ಎಡ್ಗರನ ಹೆಸರಿನಲ್ಲಿ ಕಳ್ಳಪತ್ರ ಸೃಷ್ಟಿಸುತ್ತಾನೆ. ಅಪ್ಪನನ್ನು ಮುಗಿಸಿ ಆಸ್ತಿ ಹಂಚಿಕೊಳ್ಳೋಣ ಎನ್ನುವ ಪತ್ರ. ಗ್ಲಾಸ್ಟರ್ ಓದುತ್ತಾನೆ, ನಂಬುತ್ತಾನೆ. ಎಡ್ಗರನನ್ನು ಕರೆದು, ಏನಪ್ಪಾ ಇದು, ಎಂದು ಒಂದು ಮಾತು ಕೇಳುವುದಿಲ್ಲ. ಇಲ್ಲಿ ನನಗೆ ಈ ನಾಟಕಕ್ಕಿಂತ ಎರಡು ಸಾವಿರ ವರ್ಷ ಹಿಂದಿನ ಇನ್ನೊಬ್ಬ ಅಪ್ಪ ನೆನಪಾಗುತ್ತಾನೆ, ಯೂರಿಪಿಡೀಸನ ‘ಹಿಪ್ಪೊಲಿಟಸ್’ ನಾಟಕದ ಥೀಸಿಯಸ್. ಕ್ರಿ.ಪೂ. 428ರಲ್ಲಿ ಅಥೆನ್ಸಿನಲ್ಲಿ ಆಡಿದ ನಾಟಕ. ನೇಣು ಹಾಕಿಕೊಂಡ ಹೆಂಡತಿಯ ಕೈಯಲ್ಲಿ ಒಂದು ಬರಹದ ಹಲಗೆ ಸಿಗುತ್ತದೆ, ನಿನ್ನ ಮಗ ನನ್ನನ್ನು ಕೆಡಿಸಿದ ಎಂದು. ಮಗ ನಿರಪರಾಧಿ, ಗುಟ್ಟು ಬಿಡುವುದಿಲ್ಲವೆಂದು ಮೊದಲೇ ಆಣೆ ಇಟ್ಟಿರುವುದರಿಂದ ಬಾಯಿ ಬಿಡುವಂತಿಲ್ಲ. ಥೀಸಿಯಸ್ ಮಗನ ಆಣೆಯನ್ನೂ ಕೇಳುವುದಿಲ್ಲ, ದೈವಜ್ಞರನ್ನೂ ಕೇಳುವುದಿಲ್ಲ. ಸಮುದ್ರದೇವತೆಯನ್ನು ಕರೆದು ಶಪಿಸಿಬಿಡುತ್ತಾನೆ. ಸತ್ಯ ತಿಳಿಯುವ ಹೊತ್ತಿಗೆ ಮಗನ ಛಿದ್ರವಾದ ದೇಹವನ್ನು ಹೊತ್ತು ತರುತ್ತಿದ್ದಾರೆ, ಉಸಿರು ಇನ್ನೂ ಇದೆ. ಆ ಮಗ ಅಪ್ಪನನ್ನು ಕ್ಷಮಿಸಿ ಪ್ರಾಣ ಬಿಡುತ್ತಾನೆ. ಹೆತ್ತ ಮಗನಿಗಿಂತ ಕೈಗೆ ಸಿಕ್ಕ ಬರಹ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುವುದು ಎಂಥ ಭಯಂಕರ!

ಇದೇ ಥೀಸಿಯಸ್ ಸೋಫೋಕ್ಲಿಸನ ‘ಕೊಲೋನಸ್ಸಿನಲ್ಲಿ ಈಡಿಪಸ್’ ನಾಟಕದಲ್ಲಿ ಎಷ್ಟು ಬೇರೆಯಾಗಿದ್ದಾನೆ ನೋಡಿ. ಕುರುಡ ಈಡಿಪಸ್ ಊರೂರು ಅಲೆದು ಅಥೆನ್ಸಿನ ಹತ್ತಿರ ಬಂದಿದ್ದಾನೆ. ಅವನನ್ನು ಥೀಬ್ಸಿನಿಂದ ಅಟ್ಟಿದಾಗ ಗಂಡುಮಕ್ಕಳಿಬ್ಬರೂ ತಡೆಯಲಿಲ್ಲ. ಕೈಹಿಡಿದು ನಡೆಸಿದವಳು ಮಗಳು ಆಂಟಿಗೊನೆ. ಈಗ ಸಿಂಹಾಸನಕ್ಕೆ ಹೊಡೆದಾಡುತ್ತಿರುವ ಮಗ ಪಾಲಿನೈಸಿಸ್ ಅಪ್ಪನ ಆಶೀರ್ವಾದ ಬೇಡಿ ಬಂದಿದ್ದಾನೆ. ಅವನ ಮುಖ ನೋಡುವುದಿಲ್ಲ ಎನ್ನುವ ಈಡಿಪಸ್‌ಗೆ ಥೀಸಿಯಸ್, ಕೇಳುವುದರಿಂದ ನಿನಗೇನು ನಷ್ಟ ಎಂದು ಬುದ್ಧಿ ಹೇಳುತ್ತಾನೆ. ಆಂಟಿಗೊನೆಯೂ, ಅವನನ್ನು ಹುಟ್ಟಿಸಿದವನು ನೀನೇ ಅಲ್ಲವೇ, ಕೆಟ್ಟ ಮಕ್ಕಳು ಬೇರೆಯವರಿಗೂ ಇದ್ದಾರೆ ಎಂದು ಬೇಡಿಕೊಳ್ಳುತ್ತಾಳೆ. ಈಡಿಪಸ್ ಕೇಳುತ್ತಾನೆ. ಕೇಳಿ, ನೀವಿಬ್ಬರೂ ಒಬ್ಬರ ಕೈಯಿಂದ ಒಬ್ಬರು ಸಾಯಿರಿ ಎಂದು ಶಪಿಸುತ್ತಾನೆ. ಕೃತಘ್ನ ಮಕ್ಕಳಿಗೆ ತಕ್ಕ ಶಾಸ್ತಿ ಎಂದು ತೃಪ್ತಿಪಡುವ ಹಾಗಿಲ್ಲ, ಏಕೆಂದರೆ ಆ ಶಾಪದ ಬೆಂಕಿಗೆ ಮುಂದೆ ಬಲಿಯಾಗುವವಳು ಆಂಟಿಗೊನೆಯೇ. ಆ ಕತೆಯನ್ನು ಪಿ. ಲಂಕೇಶರ ಅನುವಾದದಲ್ಲಿ ಕನ್ನಡದ ಓದುಗರು ಬಲ್ಲರು.

‘ಕೊಲೋನಸ್ಸಿನಲ್ಲಿ ಈಡಿಪಸ್’ ಬರೆದಾಗ ಸೋಫೋಕ್ಲಿಸನಿಗೆ ಹತ್ತಿರ ಹತ್ತಿರ ತೊಂಬತ್ತು. ಅವನ ಮಗ ಅಯೋಫಾನನೇ ಅಪ್ಪನಿಗೆ ಅರಳುಮರಳು, ಆಸ್ತಿ ನೋಡಿಕೊಳ್ಳುವ ಶಕ್ತಿಯಿಲ್ಲ ಎಂದು ನ್ಯಾಯಾಲಯಕ್ಕೆ ಎಳೆದನಂತೆ. ಮುದುಕ ಆಗತಾನೆ ಬರೆದಿದ್ದ ಈ ನಾಟಕದ ಭಾಗವನ್ನು ಓದಿ, ಇದು ಅರಳುಮರಳಿನವನ ಬರಹವೇ ಎಂದು ಕೇಳಿದನಂತೆ. ನ್ಯಾಯಾಧೀಶರು ಬಿಟ್ಟು ಕಳಿಸಿದರಂತೆ. ಸಿಸೆರೊ ಮುಪ್ಪಿನ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಹೇಳುತ್ತಾನೆ. ದಂತಕತೆಯೇ ಇರಬಹುದು. ನಾಟಕ ರಂಗಕ್ಕೆ ಬಂದದ್ದು ಕ್ರಿ.ಪೂ. 401ರಲ್ಲಿ, ಕವಿ ತೀರಿಹೋದ ಮೇಲೆ. ಆಡಿಸಿದವನು ಅಜ್ಜನ ಹೆಸರನ್ನೇ ಇಟ್ಟುಕೊಂಡಿದ್ದ ಮೊಮ್ಮಗ.

ನಮ್ಮಲ್ಲಿ ಇಂಥ ನಾಟಕವಿಲ್ಲವೇ ಎಂದು ಕೇಳಿದರೆ ನಾನು ಗಿರೀಶ ಕಾರ್ನಾಡರ ‘ಯಯಾತಿ’ಯ ಹೆಸರು ಹೇಳುತ್ತೇನೆ. ಅದು ಬಂದದ್ದು 1961ರಲ್ಲಿ. ವಿದೇಶದ ಓದಿಗೆ ಹೊರಟ ಯುವಕನಾಗಿ, ಹಿರಿಯರ ನಿರೀಕ್ಷೆಯ ಭಾರ ಹೊತ್ತಿದ್ದಾಗ ಬರೆದ ನಾಟಕ ಅದು ಎಂದು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿಯದು ಲಿಯರನ ಕತೆಯ ತಿರುವು. ಲಿಯರ್ ತನ್ನದನ್ನೆಲ್ಲ ಕೊಟ್ಟು ಪ್ರೀತಿ ಕೇಳಿದ. ಯಯಾತಿ ಮಗನ ಯೌವನವನ್ನೇ ಕೇಳಿದ. ಮಗ ಪುರು ಕೊಟ್ಟ. ಕೊಟ್ಟದ್ದರ ಬೆಲೆ ತೆತ್ತವಳು ಹೊಸದಾಗಿ ಮನೆಗೆ ಬಂದ ಸೊಸೆ ಚಿತ್ರಲೇಖೆ. ಕೃತಜ್ಞನಾದ ಮಗನಿಂದಲೂ ದುರಂತ ಹುಟ್ಟುತ್ತದೆ ಎಂದು ತೋರಿಸಿದ ನಾಟಕ ಅದು. ಲಿಯರನ ಕತೆಯನ್ನೇ ಓದಬೇಕೆನ್ನುವವರಿಗೆ ಎಂ. ಎಸ್. ಪುಟ್ಟಣ್ಣನವರು ನಮ್ಮ ಉಡುಪು ತೊಡಿಸಿದ ‘ಹೇಮಚಂದ್ರರಾಜವಿಲಾಸ’ ಇದೆ, ಮಾಸ್ತಿಯವರ ‘ಲಿಯರ್ ಮಹಾರಾಜ’ ಇದೆ.

ಮತ್ತೆ ಬಿರುಗಾಳಿಗೆ ಬರೋಣ. ಅಲ್ಲಿ ಲಿಯರನಿಗೆ ಎದುರಾಗುವವನು ಹುಚ್ಚ ಭಿಕಾರಿಯ ವೇಷದಲ್ಲಿರುವ ಎಡ್ಗರ್, ತಪ್ಪು ತಿಳಿದ ಅಪ್ಪನಿಂದ ತಪ್ಪಿಸಿಕೊಂಡು ಓಡುತ್ತಿರುವ ಮಗ. ಅವನನ್ನು ನೋಡಿದ ಕೂಡಲೇ ಲಿಯರ್ ಕೇಳುವುದು, ನೀನೂ ಎಲ್ಲವನ್ನೂ ಹೆಣ್ಣುಮಕ್ಕಳಿಗೆ ಕೊಟ್ಟೆಯಾ ಎಂದು. ಲೋಕದಲ್ಲಿ ಇನ್ನಾವ ದುಃಖವೂ ಅವನ ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಗುಡಿಸಲಿನ ಹಾಗಿನ ಒಂದು ಜಾಗದಲ್ಲಿ ನ್ಯಾಯಾಲಯ ಸೇರಿಸುತ್ತಾನೆ. ಕಂಬಳಿ ಹೊದ್ದ ಭಿಕಾರಿ ನ್ಯಾಯಾಧೀಶ, ಪಕ್ಕದಲ್ಲಿ ವಿದೂಷಕ, ಮಾರುವೇಷದ ಕೆಂಟ್. ಒಂದು ಮುಕ್ಕಾಲುಮಣೆ ಗಾನರಿಲ್. ರೀಗನ್‌ಳ ಎದೆ ಸೀಳಿ ನೋಡಿ, ಇಷ್ಟು ಕಲ್ಲುಮನಸ್ಸು ಎಲ್ಲಿಂದ ಹುಟ್ಟುತ್ತದೆ ಎಂದು ಅವನ ಕೇಳಿಕೆ. ಸಿಡ್ನಿಯ ಕತೆಯಲ್ಲಿ, ಜೆಫ್ರಿಯ ಕತೆಯಲ್ಲಿ ಎಲ್ಲೂ ಇಲ್ಲದ ದೃಶ್ಯ ಇದು. ನಾಟಕದ 1608ರ ಮುದ್ರಣದಲ್ಲಿದೆ, ಷೇಕ್ಸ್‌ಪಿಯರನ ನಾಟಕಗಳ 1623ರ ಸಂಪುಟದಲ್ಲಿ ಇಲ್ಲ. ಅದೇ ರೀತಿ 1623ರಲ್ಲಿ ಬಿಟ್ಟುಹೋದ ಇನ್ನೊಂದು ತುಣುಕೂ ಇದೆ. ಗ್ಲಾಸ್ಟರನ ಕಣ್ಣು ಕಿತ್ತ ಮೇಲೆ ಇಬ್ಬರು ಆಳುಗಳು ರಕ್ತ ಸುರಿಯುವ ಮುಖಕ್ಕೆ ಹಚ್ಚಲು ನಾರು ಮತ್ತು ಮೊಟ್ಟೆಯ ಬಿಳಿ ತರುತ್ತೇವೆಂದು ಹೊರಡುತ್ತಾರೆ. ಹೆತ್ತ ಮಗ ಎಡ್ಮಂಡನೇ ಹಿಡಿದುಕೊಟ್ಟ, ಹೆಸರೂ ಇಲ್ಲದ ಆಳು ಔಷಧಿ ತಂದ. ಈ ಎರಡನ್ನೂ ಬಿಟ್ಟು ನಾಟಕ ಆಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಫ್ರಾನ್ಸಿನ ದೊರೆಯ ಕೈಹಿಡಿದಿದ್ದ ಕಾರ್ಡೀಲಿಯ ಅಲ್ಲಿಂದ ಬರುತ್ತಾಳೆ. ನಿದ್ದೆ ಮಾಡಿಸಿ, ಬೇರೆ ಬಟ್ಟೆ ಉಡಿಸಿ, ಸಂಗೀತ ನುಡಿಸಿ ಅಪ್ಪನನ್ನು ಎಚ್ಚರಿಸುತ್ತಾರೆ. ಆಶೀರ್ವಾದ ಮಾಡಿ ಎಂದು ಅವಳು ಬೇಡಿದರೆ ಅವನೇ ಮಂಡಿಯೂರಲು ಹೋಗುತ್ತಾನೆ. ವಿಷ ಇದ್ದರೆ ಕೊಡು, ಕುಡಿಯುತ್ತೇನೆ; ನಿನ್ನ ಅಕ್ಕಂದಿರಿಗೆ ನನ್ನನ್ನು ದ್ವೇಷಿಸಲು ಕಾರಣವಿರಲಿಲ್ಲ, ನಿನಗಿದೆ, ಎನ್ನುತ್ತಾನೆ. ಇಲ್ಲಿಯೂ ಅವನ ಮನಸ್ಸಿನಲ್ಲಿ ಹಳೆಯ ಲೆಕ್ಕವೇ: ಇಷ್ಟು ತಪ್ಪಿಗೆ ಇಷ್ಟು ಶಿಕ್ಷೆ. ಕಾರ್ಡೀಲಿಯ, ಕಾರಣವಿಲ್ಲ ಎಂದು ಎರಡು ಸಲ ಹೇಳುತ್ತಾಳೆ. ಅದು ನಿಜವಲ್ಲ. ಕಾರಣವಿತ್ತು, ಬೇಕಾದಷ್ಟಿತ್ತು; ವರದಕ್ಷಿಣೆಯಿಲ್ಲದೆ, ಆಶೀರ್ವಾದವಿಲ್ಲದೆ, ಸಭೆಯೆದುರು ಅವಳನ್ನು ಹೊರಗೆ ಹಾಕಿದ್ದ. ಮೊದಲ ದೃಶ್ಯದಲ್ಲಿ ಒಂದು ಅಕ್ಷರದ ಉತ್ಪ್ರೇಕ್ಷೆಗೂ ಒಪ್ಪದೆ ರಾಜ್ಯ ಕಳೆದುಕೊಂಡ ಹುಡುಗಿ ಇಲ್ಲಿ ಹಿಂದೆಮುಂದೆ ನೋಡದೆ ಅಸತ್ಯ ಹೇಳುತ್ತಾಳೆ. ಆವತ್ತು ಅಪ್ಪ ಬೇಡಿದ್ದು ಇದನ್ನೇ. ಕೇಳಿದಾಗ ಕೊಡಲಾಗದ್ದನ್ನು ಈಗ ಕೇಳದಿದ್ದರೂ ಕೊಟ್ಟಳು. ಉಳಿದ ನಾಲ್ಕು ಅಂಕಗಳು ಬೇಕಾದದ್ದು ಈ ಎರಡು ಪುಟ್ಟ ಮಾತುಗಳಿಗಾಗಿ ಎಂದು ನಾನು ನಂಬಿದ್ದೇನೆ.

ಇಲ್ಲಿಗೇ ನಿಲ್ಲಬಾರದಿತ್ತೇ ಎಂದು ಎಲ್ಲರಿಗೂ ಅನ್ನಿಸುತ್ತದೆ. ಹಳೆಯ ಕತೆಗಳಲ್ಲಿ ಲಿಯರ್ ಮತ್ತೆ ಪಟ್ಟಕ್ಕೆ ಬರುತ್ತಾನೆ. 1681ರಲ್ಲಿ ನೇಹಮ್ ಟೇಟ್ ನಾಟಕವನ್ನು ತಿದ್ದಿ ಲಿಯರನನ್ನು ಉಳಿಸಿದ, ಕಾರ್ಡೀಲಿಯಳಿಗೆ ಎಡ್ಗರನ ಜೊತೆ ಮದುವೆ ಮಾಡಿಸಿದ, ವಿದೂಷಕನನ್ನು ತೆಗೆದೇ ಹಾಕಿದ. ಸುಮಾರು ಒಂದೂವರೆ ಶತಮಾನ ಇಂಗ್ಲಿಷರು ರಂಗದ ಮೇಲೆ ನೋಡಿದ್ದು ಅದನ್ನೇ. ಡಾಕ್ಟರ್ ಜಾನ್ಸನ್ನನಂಥ ಗಟ್ಟಿ ಮನುಷ್ಯ, ಕಾರ್ಡೀಲಿಯಳ ಸಾವಿನಿಂದ ಎಷ್ಟು ಕಲಕಿಹೋದನೆಂದರೆ, ಸಂಪಾದಕನಾಗಿ ತಿದ್ದಲೇಬೇಕಾಗುವವರೆಗೆ ಕೊನೆಯ ದೃಶ್ಯಗಳನ್ನು ಮತ್ತೆ ಓದಲಿಲ್ಲ. 1810ರಿಂದ ಹತ್ತು ವರ್ಷ ಲಂಡನ್ನಿನಲ್ಲಿ ಈ ನಾಟಕವನ್ನು ಆಡಲೇ ಇಲ್ಲ. ಅರಮನೆಯಲ್ಲಿ ಮೂರನೆಯ ಜಾರ್ಜ್ ದೊರೆ ಬುದ್ಧಿ ಕೆಟ್ಟು ಕೂತಿದ್ದ. 1838ರಲ್ಲಿ ಮೆಕ್ರೀಡಿ ವಿದೂಷಕನನ್ನೂ ದುರಂತವನ್ನೂ ಮತ್ತೆ ತಂದ. ಟೇಟನನ್ನು ನಾನು ಬಯ್ಯುವುದಿಲ್ಲ, ನೊಂದವನ ಕೆಲಸ ಅದು. ಆದರೆ ಒಳ್ಳೆಯವರಿಗೆ ಸಂಭಾವನೆ, ಕೆಟ್ಟವರಿಗೆ ದಂಡ ಎಂದು ಹಂಚಿದ ಕೂಡಲೇ ನಾವು ಮತ್ತೆ ನಕ್ಷೆಯ ಮುಂದೆ ನಿಂತಂತಾಗುತ್ತದೆ. ಷೇಕ್ಸ್‌ಪಿಯರನಲ್ಲಿ ಆ ಹಂಚಿಕೆಗೆ ಹೊರಡುವವನು ಗಾನರಿಲ್‌ಳ ಗಂಡ ಆಲ್ಬನಿ. ಗಾನರಿಲ್, ರೀಗನ್, ಎಡ್ಮಂಡ್ ಮೂವರೂ ಸತ್ತ ಮೇಲೆ, ಮಿತ್ರರಿಗೆಲ್ಲ ತಕ್ಕ ಫಲ, ವೈರಿಗಳಿಗೆಲ್ಲ ತಕ್ಕ ಪ್ರತಿಫಲ ಎಂದು ಘೋಷಣೆ ಶುರುಮಾಡುತ್ತಾನೆ. ಸತ್ತ ಮಗಳನ್ನು ಹಿಡಿದುಕೊಂಡ ಲಿಯರನನ್ನು ಕಂಡು ಆ ಮಾತು ಅಲ್ಲೇ ನಿಂತುಹೋಗುತ್ತದೆ.

ನಾಟಕದ ಕೊನೆಯ ನಾಲ್ಕು ಸಾಲುಗಳು 1608ರ ಮುದ್ರಣದಲ್ಲಿ ಆಲ್ಬನಿಯ ಬಾಯಲ್ಲಿವೆ, 1623ರಲ್ಲಿ ಎಡ್ಗರನ ಬಾಯಲ್ಲಿ. ವಿದ್ವಾಂಸರು ಇದರ ಮೇಲೆ ಬಹಳ ವಾದಿಸಿದ್ದಾರೆ. ಆಡಬೇಕಾದ್ದನ್ನಲ್ಲ, ಅನ್ನಿಸಿದ್ದನ್ನು ಆಡೋಣ ಎನ್ನುವ ಅರ್ಥದ ಮಾತು ಅದು. ಎಡ್ಗರನಿಗೇ ಅದು ಸಲ್ಲಬೇಕೆಂದು ನನ್ನ ಮತ. ಕುರುಡನಾದ ಅಪ್ಪನ ಕೈಹಿಡಿದು ಭಿಕಾರಿಯ ವೇಷದಲ್ಲೇ ದಾರಿಯುದ್ದಕ್ಕೂ ನಡೆಸಿದವನು ಅವನು. ಅವನ ಪ್ರಾಣ ಉಳಿಸಿದ, ಅವನಿಗಾಗಿ ಬೇಡಿ ತಂದ. ಆದರೆ ನಾನು ನಿನ್ನ ಮಗ ಎನ್ನುವುದನ್ನು ಮಾತ್ರ ಕೊನೆಯ ಅರ್ಧ ಗಂಟೆಯವರೆಗೆ ಹೇಳಲಿಲ್ಲ. ಹೇಳಿದಾಗ ಸಂತೋಷ ದುಃಖ ಎರಡೂ ಒಟ್ಟಿಗೆ ನುಗ್ಗಿ ಗ್ಲಾಸ್ಟರನ ಹೃದಯ ಒಡೆಯಿತು. ಏಕೆ ಅಷ್ಟು ತಡಮಾಡಿದ? ಅದು ತನ್ನ ತಪ್ಪು ಎಂದು ಎಡ್ಗರನೇ ಒಪ್ಪಿಕೊಳ್ಳುತ್ತಾನೆ, ಕಾರಣ ಹೇಳುವುದಿಲ್ಲ. ತಪ್ಪು ತಿಳಿದ ಅಪ್ಪನ ಮೇಲೆ ಒಳ್ಳೆಯ ಮಗನ ಎದೆಯಲ್ಲೂ ಎಲ್ಲೋ ಒಂದು ಕಡೆ ಸಿಟ್ಟು ಉಳಿದಿತ್ತು ಎಂದೇ ನನಗೆ ಕಾಣುತ್ತದೆ.